ಚಿಕ್ಕಮ್ಮನ ಹನ್ನೊಂದು ರೂಪಾಯಿ

ಜುಲೈ ಕೊನೆಯ ವಾರ. ಸೋಮವಾರಪೇಟೆಯಲ್ಲಿ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಅಂಥ ಮಳೆಯಲ್ಲಿ ಶನಿವಾರಸಂತೆಯಿಂದ ಬಸ್ಸು ಹತ್ತಿ ಚಿಕ್ಕಮ್ಮ ಬಂದರು. ಕೊಡೆಯನ್ನು ಜಗಲಿಯಲ್ಲೇ ಬಿಟ್ಟು, ಸೆರಗಿನಲ್ಲಿ ಸುತ್ತಿ ತಂದಿದ್ದ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮುಂದಿಟ್ಟರು.

"ನಿಂಗೆ ಇದೆಲ್ಲ ಗೊತ್ತಲ್ವಾ? ಯಾವುದಕ್ಕೆ ಬೆಲೆ ಜಾಸ್ತಿ ನೋಡು. ಮನೆ ಸೋರ್ತಿದೆ, ಹಂಚು ಬದಲಾಯಿಸ್ಬೇಕು."

ಒಳಗೆ ಹನ್ನೊಂದು ಬೆಳ್ಳಿ ರೂಪಾಯಿ. ಅವರ ಅತ್ತೆಯ ಕಾಲದವು. ಇಸವಿ ನೋಡುವ ಮೊದಲೇ ಹೊಳಪು ಕಣ್ಣಿಗೆ ಹೊಡೆಯಿತು. ಹತ್ತು ನಾಣ್ಯ ಈಗಷ್ಟೇ ತೊಳೆದ ಸ್ಟೀಲ್ ಲೋಟದ ಹಾಗೆ ಫಳಫಳ. ಒಂದು ಮಾತ್ರ ಮಂಕಾಗಿ, ಅಂಚಿನಲ್ಲಿ ಕಂದು ನೀಲಿ ಬಣ್ಣ ತಿರುಗಿತ್ತು.

"ಚಿಕ್ಕಮ್ಮ, ಇವನ್ನು ತೊಳೆದ್ರಾ?"

"ಮತ್ತೆ? ಹಾಗೇ ಕೊಳಕಾಗಿ ತರೋಕಾಗುತ್ತಾ? ನಿನ್ನೆ ರಾತ್ರಿ ಕೂತು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ."

ಕೈ ನೋಯುವಷ್ಟು ತಿಕ್ಕಿರಬೇಕು ಪಾಪ. ತಿಕ್ಕಿದರೆ ಹಳೆ ನಾಣ್ಯದ ಬೆಲೆ ಬೀಳುತ್ತದೆ ಅಂತ ಹೇಳಲು ಹೋಗದೆ ನಾನು ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿದೆ. ಟಾರ್ಚನ್ನು ಪುಸ್ತಕಗಳ ಮೇಲೆ ಓರೆಯಾಗಿ ನಿಲ್ಲಿಸಿ, ಭೂತಕನ್ನಡಿ ತೆಗೆದುಕೊಂಡೆ.

ಟಂಕಸಾಲೆಯಿಂದ ಹೊರಬಿದ್ದ ನಾಣ್ಯಕ್ಕೆ ಒಂದು ಹುಟ್ಟುಹೊಳಪು ಇರುತ್ತದೆ. ಅಚ್ಚಿನ ಒತ್ತಡಕ್ಕೆ ಲೋಹ ಹರಿದು, ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ದೀಪದ ಕೆಳಗೆ ವಾಲಿಸಿದರೆ ಬೆಳಕು ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಆ ಸುತ್ತಾಟ ಇಲ್ಲ, ಹೇಗೆ ವಾಲಿಸಿದರೂ ಒಂದೇ ಥರದ ಮಿಂಚು. ಭೂತಕನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಗೀರುಗಳು. ಅಚ್ಚನ್ನು ಉಜ್ಜಿದಾಗಲೂ ನಾಣ್ಯದ ಮೇಲೆ ಗೆರೆ ಮೂಡುವುದುಂಟು. ಆದರೆ ಅವು ಉಬ್ಬಿದ ಗೆರೆಗಳು, ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತವೆ. ಚಿಕ್ಕಮ್ಮನ ಗೀರುಗಳು ತಗ್ಗಾಗಿದ್ದವು. ವಿಕ್ಟೋರಿಯಾ ರಾಣಿಯ ಕೆನ್ನೆ, ಮೂಗು, ಅಕ್ಷರ ಏನನ್ನೂ ಬಿಡದೆ ದಾಟಿ ಹೋಗಿದ್ದವು.

ಆ ಹತ್ತರಲ್ಲಿ ಒಂದು 1911ರದ್ದು. ನನಗೆ ಅಳುವೇ ಬಂತು. ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿನ ಸರದಲ್ಲಿ ಪುಟ್ಟದೊಂದು ಆನೆ ಇದೆ. 1911ರ ನಾಣ್ಯದಲ್ಲಿ ಅದು ಥೇಟ್ ಹಂದಿಯ ಹಾಗೆ ಕಂಡು, ಗಲಾಟೆಯಾಗಿ, 1912ರಿಂದ ಆನೆಯನ್ನು ತಿದ್ದಿದರು. ಹಾಗಾಗಿ ಅದಕ್ಕೆ ಹಂದಿ ರೂಪಾಯಿ ಅಂತಲೇ ಹೆಸರು. ಸಿಗುವುದು ಕಡಿಮೆ, ಹಾಗಾಗಿ ತಿಕ್ಕಿದ್ದಕ್ಕೂ ಒಂದಿಷ್ಟು ಬೆಲೆ ಇದೆ. ತಿಕ್ಕದೇ ಇದ್ದಿದ್ದರೆ ಅಂತ ಲೆಕ್ಕ ಹಾಕಲು ಹೋಗಲಿಲ್ಲ.

ಆಮೇಲೆ ಆ ಮಂಕು ನಾಣ್ಯ. 1918, ಐದನೇ ಜಾರ್ಜ್. ಆ ವರ್ಷದ್ದು ಬೇಕಾದಷ್ಟು ಸಿಗುತ್ತವೆ. ಮೊದಲ ನೋಟಕ್ಕೆ ಆನೆ ಚಪ್ಪಟೆ, ಬೆನ್ನು ಯಾವುದು ಕಾಲು ಯಾವುದು ತಿಳಿಯದು. "ಸವೆದಿದೆ" ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು.

ಅಲ್ಲೇ ತಡೆದೆ. ಕೆಲವು ವರ್ಷದ ಹಿಂದೆ ಮೈಸೂರಿನಲ್ಲಿ ಒಬ್ಬ ವ್ಯಾಪಾರಿ ಇಂಥದ್ದೇ ನನ್ನ ನಾಣ್ಯ ನೋಡಿ, "ಸವಕಲು ಸ್ವಾಮಿ" ಅಂತ ಬೆಳ್ಳಿ ರೇಟಿಗೆ ತೂಗಿ ತಗೊಂಡಿದ್ದ. ನಾನೂ ತಲೆಯಾಡಿಸಿ ಕೊಟ್ಟು ಬಂದಿದ್ದೆ. ಅದು ಸವಕಲಲ್ಲ, ಅಚ್ಚು ಸರಿಯಾಗಿ ಬಿದ್ದಿರಲಿಲ್ಲ ಅಷ್ಟೇ ಅಂತ ಗೊತ್ತಾಗಿದ್ದು ನಾನು ತೆಗೆದಿಟ್ಟ ಫೋಟೋ ನೋಡಿದ ಗೆಳೆಯನಿಂದ.

ಕಾಫಿ ಬೆಳೆಯುವ ನಮಗೆ ಇದು ಗೊತ್ತಿರಬೇಕಿತ್ತು. ಪೀಬೆರಿ, ಅಂದರೆ ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ಬೀಜ, ಗುಂಡಗಿರುವುದು ಹಣ್ಣಿನೊಳಗಿಂದಲೇ ಬಂದದ್ದು. ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಕಚ್ಚಿದ ಬೀಜ ಆಮೇಲೆ ಕೆಟ್ಟಿದ್ದು. ಎರಡನ್ನೂ ಒಂದೇ ರಾಶಿಗೆ ಯಾರೂ ಹಾಕುವುದಿಲ್ಲ. ನಾಣ್ಯದಲ್ಲೂ ಅಷ್ಟೇ. ಅಚ್ಚಿನ ಅತಿ ಆಳದ ಮೂಲೆಗೆ ಲೋಹ ತುಂಬದೇ ಹೋದರೆ ಆ ಜಾಗ ಹುಟ್ಟುವಾಗಲೇ ಚಪ್ಪಟೆ. ನಾಣ್ಯದ ಮೇಲೆ ಎತ್ತರವಾಗಿರುವುದು ಅಚ್ಚಿನಲ್ಲಿ ಆಳ ಅಲ್ವಾ? ಕೈಯಿಂದ ಕೈಗೆ ಓಡಾಡುವಾಗ ಸವೆಯುವುದೂ ಅದೇ ಎತ್ತರದ ಜಾಗ. ಅದಕ್ಕೇ ಎರಡೂ ಒಂದೇ ಥರ ಕಾಣುತ್ತವೆ, ಬಲ್ಲವರೂ ಎಡವುತ್ತಾರೆ.

ಟಾರ್ಚಿನ ಕೆಳಗೆ ನಿಧಾನವಾಗಿ ವಾಲಿಸಿದೆ. ಬೆಳಕು ಸುತ್ತಿತು. ರಾಜನ ಗಡ್ಡ ದಾಟಿ, ಚಪ್ಪಟೆ ಆನೆಯ ಮೇಲೂ ತಡೆಯದೆ ಹರಿಯಿತು. ಸವೆದಿದ್ದರೆ ಅಲ್ಲಿ ಬೂದು ಬಣ್ಣದ ಕಲೆಯಾಗಿ ಬೆಳಕು ಸತ್ತಿರಬೇಕಿತ್ತು. ಅಂಚು ಚೂಪಾಗಿತ್ತು, ಅಕ್ಷರದ ತಲೆ ಒಂದೂ ದುಂಡಗಾಗಿರಲಿಲ್ಲ. ತಿರುಗಿಸಿ ನೋಡಿದೆ. ಆನೆಯ ಬೆನ್ನ ಹಿಂದೆ ಸರಿಯಾಗಿ ಹೂಬಳ್ಳಿಯೂ ಒಂದಿಷ್ಟು ಮಸುಕು. ಎರಡೂ ಕಡೆ ತುಂಬುವಷ್ಟು ಲೋಹ ಆ ಜಾಗಕ್ಕೆ ಒದಗಿಲ್ಲ, ಅಷ್ಟೇ. ಕೆನ್ನೆಯ ಮೇಲೆ ಎರಡು ಸಣ್ಣ ಪೆಟ್ಟಿನ ಗುರುತಿದ್ದವು, ಬೇರೆ ನಾಣ್ಯಗಳ ಜೊತೆ ಚೀಲದಲ್ಲಿ ಕುಲುಕಿದ್ದು. ಇದು ಪೇಟೆಗೆ ಹೋಗಿ ಕೈ ಬದಲಾದದ್ದೇ ಇಲ್ಲ ಅಂತ ನನಗೆ ಅನಿಸಿತು.

1949ರಲ್ಲಿ ಶೆಲ್ಡನ್ ಎಂಬಾತ ಅಮೆರಿಕದ ಹಳೆ ಸೆಂಟ್‌ಗಳ ಸ್ಥಿತಿ ಅಳೆಯಲೆಂದು 1ರಿಂದ 70ರವರೆಗಿನ ಅಂಕದ ಪಟ್ಟಿ ಮಾಡಿದ. ಈಗ ಬೇರೆ ನಾಣ್ಯಗಳಿಗೂ ಹೆಚ್ಚಾಗಿ ಅದೇ ಅಳತೆ. ತಿಕ್ಕಿದ್ದು, ತೂತು ಬಿದ್ದದ್ದು ಆ ಪಟ್ಟಿಗೇ ಸೇರುವುದಿಲ್ಲ. ಗ್ರೇಡಿಂಗ್ ಕಂಪನಿಗಳು ಅಂಕ ಕೊಡದೆ "ಡೀಟೇಲ್ಸ್" ಅಂತ ಬರೆದು ಕಳಿಸುತ್ತವೆ. ಈ 1918ಕ್ಕೆ ನಾನಾಗಿದ್ದರೆ 62 ಕೊಡುತ್ತಿದ್ದೆ. ಬೇರೆಯವರು ಎರಡು ಕಡಿಮೆ ಕೊಟ್ಟಾರು. ಅಚ್ಚಿನ ಕೊರತೆಯೂ ಕೊರತೆಯೇ ತಾನೇ.

ಇನ್ನೊಂದು ಉಳಿದಿತ್ತು. 1862 ಅಂತ ಬರೆದ ರಾಣಿ ರೂಪಾಯಿ. (ಆಮೇಲಿನ ಹಲವು ವರ್ಷ ಅದೇ ಇಸವಿ ಹಾಕಿ ಅಚ್ಚೊತ್ತಿದರು, ಹಾಗಾಗಿ ಹುಟ್ಟಿದ ವರ್ಷ ಅದೇ ಅನ್ನಲಾಗದು.) ಕಿರೀಟದ ಮೇಲೆ, ಅಂಚಿನಲ್ಲಿ ಒಂದು ಗಂಟು. ಬೆಸುಗೆ ಹಾಕಿದ ಕೊಂಡಿಯನ್ನು ಕಿತ್ತು, ಅರದಿಂದ ಉಜ್ಜಿದ ಗುರುತು. ಹಿಂಬದಿ ಪೂರ್ತಿ ನುಣುಪು.

"ಇದಕ್ಕೆ ಬೆಳ್ಳಿ ಬೆಲೆ ಅಷ್ಟೇ, ಚಿಕ್ಕಮ್ಮ. ಯಾರೋ ಕೊರಳಿಗೆ ಹಾಕಿಕೊಂಡಿದ್ದಾರೆ."

ಅವರು ಅದನ್ನು ಕೈಗೆ ತೆಗೆದುಕೊಂಡು ನುಣುಪಾದ ಕಡೆ ಹೆಬ್ಬೆರಳು ಆಡಿಸಿದರು. "ನಮ್ಮತ್ತೆ ಕರಿಮಣಿ ಜೊತೆ ಹಾಕ್ತಿದ್ರು. ಇದು ಬೇಡ ಬಿಡು, ಕೊಡಲ್ಲ." ಸೀದಾ ಸೊಂಟದ ಚೀಲಕ್ಕೆ ಹೋಯಿತು.

ನಾನು 1918ನ್ನು ಬೇರೆ ಇಟ್ಟೆ. ಮೆತ್ತಗಿನ ಪ್ಲಾಸ್ಟಿಕ್ ಕವರಿಗೆ ಹಾಕಲಿಲ್ಲ. ಈ ಊರಿನ ಥಂಡಿಗೆ ಪಿವಿಸಿ ಕವರಿನೊಳಗೆ ನನ್ನವೇ ನಾಲ್ಕು ನಾಣ್ಯ ಹಸಿರು ಅಂಟು ಹಿಡಿದು ಹಾಳಾಗಿವೆ. ಕಾಗದದಲ್ಲಿ ಸುತ್ತುತ್ತಾ ಕೇಳಿದೆ:

"ಇದೊಂದನ್ನ ಯಾಕೆ ತಿಕ್ಕಲಿಲ್ಲ?"

"ಹುಣಸೆಹಣ್ಣು ಮುಗಿದಿತ್ತು ಕಣೋ. ಹುಳಿಗೆ ಕಾಚಂಪುಳಿ ಇತ್ತು. ಆದ್ರೆ ಹಂದಿ ಸಾರಿಗೆ ಅಂತ ಇಟ್ಟ ಕಾಚಂಪುಳಿನ ಒಂದು ರೂಪಾಯಿ ತೊಳೆಯೋಕೆ ಯಾರು ಹಾಕ್ತಾರೆ?"