ಇಲ್ಲೇ ಮೈಸೂರು

ಮಂಗಳವಾರ ಸಂಜೆಯಿಂದ ಒಂದು ಮಾತು ತಲೆಯಲ್ಲೇ ಕೂತಿದೆ. ಆ ಮಾತು ಆಡಿದ್ದು ಬೇರೆ ಯಾರೂ ಅಲ್ಲ, ನಾನೇ.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನ ಕೊನೆಯಲ್ಲಿ ಒಬ್ಬರು ಅಜ್ಜಿ ಕೂತಿರುತ್ತಾರೆ. ಅಂಗಡಿ ಅಂತ ಏನಿಲ್ಲ. ಒದ್ದೆ ಗೋಣಿಚೀಲ, ಅದರ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಕಟ್ಟಿದ ಮಲ್ಲಿಗೆ. ಎರಡು ಮೊಳ ಕೇಳಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಸಲ ಅಳೆದರು. ನೂರರ ನೋಟು ಕೊಟ್ಟೆ. 40 ರೂಪಾಯಿ ವಾಪಸ್ ಬರಬೇಕು, 35 ಸಿಕ್ಕಿತು. ಸೆರಗಿನ ಗಂಟು ಬಿಚ್ಚಿ, ಎಲೆಯಡಿಕೆ ಚೀಲ ತಡಕಿ, "ಐದ್ ರೂಪಾಯ್ ಚಿಲ್ರೆ ಇಲ್ಲ ಕನವ್ವ" ಅಂದರು.

"ಬುಡವ್ವ ಅತ್ಲಾಗೆ" ಅಂದುಬಿಟ್ಟೆ.

ಅವರ ಕೈ ಹಾಗೇ ನಿಂತಿತು. ಮುಖ ಎತ್ತಿ ನನ್ನನ್ನು ಸರಿಯಾಗಿ ನೋಡಿದರು. "ನಮ್ ಕಡೆಯೋಳಾ ನೀನು? ಯಾವೂರವ್ವಾ?"

"ಇಲ್ಲ, ಇಲ್ಲೇ ಮೈಸೂರು."

"ಊಂ, ಇರ್ಲಿ" ಅಂದರು. ಇನ್ನೊಂದು ಗೇಣು ಹೂವು ಕತ್ತರಿಸಿ ಪೊಟ್ಟಣದೊಳಗೆ ಇಟ್ಟರು. ಐದು ರೂಪಾಯಿ ಋಣ ಇಟ್ಟುಕೊಳ್ಳಲಿಲ್ಲ.

ನನ್ನೂರು ಮಂಡ್ಯ ಜಿಲ್ಲೆ, ಪಾಂಡವಪುರ ತಾಲೂಕಿನ ಒಂದು ಹಳ್ಳಿ. ಅಪ್ಪ ಈಗಲೂ ಅಲ್ಲೇ ಕಬ್ಬು, ಭತ್ತ ನೋಡಿಕೊಂಡಿದ್ದಾರೆ. ಹಾಗಿದ್ದ ಮೇಲೆ ಆ "ಇಲ್ಲ" ಎಲ್ಲಿಂದ ಬಂತು? ಯೋಚಿಸಿ ಹೇಳಿದ್ದಲ್ಲ. ಬಿಸಿ ಪಾತ್ರೆ ತಾಗಿದಾಗ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ ಬಂತು.

ಪಿಯುಸಿಗೆ ಮೈಸೂರಿಗೆ ಬಂದಾಗ ನನಗೆ ಹದಿನಾರು. ಹಾಸ್ಟೆಲಿನ ಮೊದಲ ಬೆಳಗ್ಗೆ "ಅಕ್ಕ, ಇನ್ನೊಂದ್ ಚೂರು ಆಲು ಆಕಿ" ಅಂದೆ. ಇಡೀ ಮೇಜು ನಕ್ಕಿತು. ಜೋರಾಗಿ ನಕ್ಕವಳು ನನ್ನ ರೂಮಿನವಳೇ. ಕೆಟ್ಟ ಹುಡುಗಿ ಅಲ್ಲ. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಎದ್ದು ಕೂತಿದ್ದಳು. ಆದರೆ ನಕ್ಕಿದ್ದು ನಕ್ಕಿದ್ದೇ. ಅವತ್ತಿನಿಂದ ಬಚ್ಚಲುಮನೆಯಲ್ಲಿ ನಿಂತು ಹಾಲು, ಹಣ್ಣು, ಹುಳಿ, ಹಗ್ಗ ಅಂತ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಹೆದರಿಕೆಗೆ ಬೇಡದ ಕಡೆಯೂ "ಹ" ಬರುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಅಕ್ಕಿ ಕೇಳಲು ಹೋಗಿ "ಹಕ್ಕಿ ಕೊಡಿ" ಅಂದು, ಏನೂ ತಗೊಳ್ಳದೆ ಓಡಿಬಂದೆ. ಹದಿನಾರು ವರ್ಷದ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ.

ಆಮೇಲೆ ಕಲಿತೆ. ಚೆನ್ನಾಗೇ ಕಲಿತೆ. ಈಗ ಆಫೀಸಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪನ ಫೋನ್ ಬಂದರೆ ಎದ್ದು ಮೆಟ್ಟಿಲ ಹತ್ತಿರ ಹೋಗುತ್ತೇನೆ. ಸಿಗ್ನಲ್ ಸಿಗಲ್ಲ ಅಂತ ಪಕ್ಕದವರಿಗೆ ಹೇಳಿದ್ದೇನೆ. ಸಿಗ್ನಲ್ ಚೆನ್ನಾಗೇ ಸಿಗುತ್ತದೆ. "ಉಂಡ್ಯಾ ಮಗ?" ಅಂತ ಅಪ್ಪ ಕೇಳಿದರೆ "ಊಂ, ಉಂಡೆ ಕನಪ್ಪ" ಅನ್ನಬೇಕು, ಅದಕ್ಕೆ ಅಷ್ಟು ದೂರ ನಡೆಯುತ್ತೇನೆ.

ಇನ್ನೊಂದು ಕಾರಣವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ "ನಿಮ್ಮದು ಯಾವ ಕಡೆ?" ಅಂತಲೇ. ಜಾತಿ ಯಾವುದು ಅಂತ ಬಾಯಿಬಿಟ್ಟು ಕೇಳಲು ನಾಚಿಕೆ. ಅದಕ್ಕೇ ಊರಿನಿಂದ ಶುರು ಮಾಡಿ, ಮನೆದೇವರಿಗೆ ಬಂದು, ಕೊನೆಗೆ ಅಡುಗೆಮನೆಗೆ ಬಂದು ನಿಲ್ಲುತ್ತಾರೆ. "ನಾನ್‌ವೆಜ್ ಮಾಡ್ತೀರಾ?" ಅಷ್ಟಕ್ಕೆ ಮನೆ ಬೇರೆಯವರಿಗೆ ಆಗಿಹೋಗಿರುತ್ತಿತ್ತು. ಹೀಗೆ ಕೇಳುವುದು ಮರ್ಯಾದೆಯಲ್ಲ ಅಂತ ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ಯಾರಾದರೂ ಊರು ಕೇಳಿದರೆ ಬಾಗಿಲು ಹಾಕಿಕೊಳ್ಳುವುದು ನನಗೆ ಅಲ್ಲಿಂದ ಅಭ್ಯಾಸವಾಯಿತು.

ಆದರೆ ಅಜ್ಜಿ ಕೇಳಿದ್ದು ಆ ಪ್ರಶ್ನೆ ಅಲ್ಲ. ಅವರು ಮೊದಲು ಕೇಳಿದ್ದು "ನಮ್ ಕಡೆಯೋಳಾ" ಅಂತ. ಊರು ಆಮೇಲೆ. ಮನೆ ಮಾಲೀಕರು ಕೇಳಿದ್ದು ನನ್ನನ್ನು ಹೊರಗಿಡೋಕೆ. ಇವರು ಪಕ್ಕದಲ್ಲಿ ಜಾಗ ಬಿಟ್ಟು ಕೂರಿಸಿಕೊಳ್ಳೋಕೆ ಕೇಳಿದ್ದು. ಎರಡಕ್ಕೂ ನಾನು ಒಂದೇ ಉತ್ತರ ಕೊಟ್ಟೆ.

ಬುಧವಾರ ರಾತ್ರಿ ಮಗಳು ಹಳಗನ್ನಡದ ಪದ್ಯ ಓದುತ್ತಾ ಕೂತಿದ್ದಳು. "ಅಮ್ಮ, ಪಾಲ್ ಅಂದ್ರೆ ಹಾಲು, ಪೂ ಅಂದ್ರೆ ಹೂವು, ಪುಲಿ ಅಂದ್ರೆ ಹುಲಿ. ಆಗ ಇದ್ದ ಪ ಈಗ ಹ ಆಗಿದೆ" ಅಂದಳು. ನಾನೂ ಶಾಲೆಯಲ್ಲಿ ಓದಿದ್ದೇ. ಆದರೆ ಅವತ್ತು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಪಾಲು ಹಾಲಾಯಿತು. ಹಾಲು ನಮ್ಮೂರಲ್ಲಿ ಆಲಾಯಿತು. ಪೂ, ಹೂ, ಊ. ಪುಲಿ, ಹುಲಿ, ಉಲಿ. ಪ ಬಿಟ್ಟು ಹ ಹಿಡಿದವರನ್ನು ನೋಡಿ ಯಾರೂ ನಗಲಿಲ್ಲ, ಅದು ಭಾಷೆ ಬೆಳೆದ ರೀತಿ ಅಂತ ಪುಸ್ತಕದಲ್ಲಿ ಬರೆದರು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ ನಮ್ಮವ್ವ, ನಮ್ಮಪ್ಪ ಮಾತ್ರ ಹಳ್ಳಿ ಗಮಾರರು. ಇದ್ಯಾವ ನ್ಯಾಯ? ಸಿನಿಮಾದಲ್ಲೂ ಅಷ್ಟೇ ಅಲ್ವಾ, ನಮ್ಮ ಭಾಷೆ ಬಂತು ಅಂದರೆ ಒಂದೋ ಜಗಳ, ಇಲ್ಲ ನಗು.

ಮೈಸೂರಿಂದ ಮಂಡ್ಯಕ್ಕೆ ಎಷ್ಟು ದೂರ? ಸುಮಾರು 45 ಕಿಲೋಮೀಟರ್. ಮಂಡ್ಯ ಬೇರೆ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೂ ಮುಂಚೆ ಅದೆಲ್ಲ ಮೈಸೂರು ಜಿಲ್ಲೆಯೇ. ನನ್ನ ಅಜ್ಜಿ ಹುಟ್ಟಿದ್ದು ಅದಕ್ಕೂ ಹಿಂದೆ. ಅವಳು "ಇಲ್ಲೇ ಮೈಸೂರು" ಅಂದಿದ್ದರೆ ಅದರಲ್ಲಿ ಸುಳ್ಳಿರುತ್ತಿರಲಿಲ್ಲ. ಆದರೆ ಅವಳು ಹಾಗೆ ಅಂದವಳೇ ಅಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಬಂದು ಹೋಗುವ ಪ್ರತಿ ನರ್ಸಿಗೂ ನಮ್ಮೂರ ಹೆಸರು ಹೇಳಿ, "ನೀನು ಯಾವೂರವ್ವ?" ಅಂತ ಕೇಳುತ್ತಿದ್ದಳು. ಪಕ್ಕದಲ್ಲಿ ಕೂತ ನನಗೆ ಮುಜುಗರ ಆಗುತ್ತಿತ್ತು. ನೆನೆಸಿಕೊಂಡರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ನಿನ್ನೆ ಆಫೀಸು ಮುಗಿಸಿ ಮತ್ತೆ ಮಾರುಕಟ್ಟೆಗೆ ಹೋದೆ. ಹೂವು ಬೇಕಿರಲಿಲ್ಲ. ಆ ಜಾಗದಲ್ಲಿ ಇಪ್ಪತ್ತರ ಒಬ್ಬ ಹುಡುಗ ಕೂತು ಸೇವಂತಿಗೆಗೆ ನೀರು ಚಿಮುಕಿಸುತ್ತಿದ್ದ.

"ಇಲ್ಲಿ ಒಬ್ಬರು ಅಜ್ಜಿ ಕೂರ್ತಿದ್ದರಲ್ಲಾ?"

"ಊರಿಗೆ ಹೋಗ್ಯದೆ ಕನಕ್ಕ. ಹಬ್ಬ ಮುಗಿಸ್ಕೊಂಡು ಬತ್ತದೆ."

"ಯಾವೂರು ಅಜ್ಜೀದು?"

"ಕೆ.ಆರ್. ಪೇಟೆ ತಾವ ಎಲ್ಲೋ" ಅಂದ. ನೀರಿನ ತಂಬಿಗೆ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. "ಯಾಕಕ್ಕಾ, ನಿಮ್ ಕಡೆಯೋರಾ?"

"ಊಂ ಕನಪ್ಪ, ನಮ್ ಕಡೆಯೋರೇ" ಅಂದೆ. "ಒಂದು ಮೊಳ ಊ ಕೊಡು."