ನಿಮ್ಮ ನಾಯಿ ಕಡವೆಯನ್ನು ಹಿಡಿಯುತ್ತದೆಯೇ?

ಮುಧೋಳ ನಾಯಿ ಸಾಕಿದವನನ್ನು ಜನ ಕೇಳುವುದು ಮೂರೇ ಪ್ರಶ್ನೆ. ಊಟ ಹಾಕುವುದಿಲ್ಲವೇ, ಪಕ್ಕೆಲುಬು ಹೀಗೇಕೆ ಕಾಣುತ್ತವೆ ಎನ್ನುವುದು ಮೊದಲನೆಯದು. ಬೆಲೆ ಎಷ್ಟು ಎನ್ನುವುದು ಎರಡನೆಯದು. ಇವೆರಡಕ್ಕೂ ನಿಂತ ಕಾಲಲ್ಲೇ ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ. ಮೂರನೆಯದಕ್ಕೆ ಮಾತ್ರ ಕಟ್ಟೆಯ ಮೇಲೆ ಕೂರಬೇಕಾಗುತ್ತದೆ: "ಕಾಕಾ, ಇದು ಜಿಂಕೆ ಹಿಡಿಯುತ್ತದೆಯಂತೆ, ಹೌದೇ?" ಕೇಳುವವರಿಗೆ ಹುರುಪು ಹೆಚ್ಚಿದ್ದರೆ ಜಿಂಕೆ ಬೆಳೆದು ಕಡವೆಯಾಗುತ್ತದೆ. ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೊ ತೋರಿಸುವವರೂ ಇದ್ದಾರೆ. ಮುಂದೆ ಕವಲುಗೋಡಿನ ದೊಡ್ಡ ಮೃಗ, ಹಿಂದೆ ಉದ್ದ ಮೂತಿಯ ಎರಡು ನಾಯಿಗಳು. "ನಿಮ್ಮದೂ ಇದೇ ಕುಲವಲ್ಲವೇ?"

ಕುಲ ಅದೇ. ಮೂಗಿಗಿಂತ ಕಣ್ಣನ್ನು ನಂಬಿ ಓಡುವ ನಾಯಿಗಳ ಕುಲ. ಇಂಗ್ಲೆಂಡಿನ ಗ್ರೇಹೌಂಡ್, ಸ್ಕಾಟ್ಲೆಂಡಿನ ಡೀರ್‌ಹೌಂಡ್, ನಮ್ಮ ಮುಧೋಳ ಎಲ್ಲವೂ ಒಂದೇ ಅಚ್ಚಿನವು: ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ, ಬಿಲ್ಲಿನ ಹಾಗೆ ಬಾಗುವ ಬೆನ್ನು. ಕುದುರೆ ನಾಗಾಲೋಟದಲ್ಲಿ ಪ್ರತಿ ದಾಪಿಗೆ ಒಂದು ಸಲ ನೆಲ ಬಿಡುತ್ತದೆ. ಈ ನಾಯಿ ಎರಡು ಸಲ ಬಿಡುತ್ತದೆ. ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ ಒಮ್ಮೆ, ಹಿಂದೆ ಮುಂದೆ ಚಾಚಿಕೊಂಡಾಗ ಇನ್ನೊಮ್ಮೆ. ಓಡುವ ಹೊತ್ತಿನಲ್ಲಿ ಅದು ನೆಲದ ಮೇಲಿರುವುದಕ್ಕಿಂತ ಗಾಳಿಯಲ್ಲಿರುವುದೇ ಹೆಚ್ಚು ಅನಿಸುತ್ತದೆ.

ಆದರೂ ನನ್ನ ಉತ್ತರ, ಇಲ್ಲ. ಹಿಡಿಯುವುದಿಲ್ಲ. ಓಡಿ ಮುಟ್ಟುವುದು ಬೇರೆ, ಮುಟ್ಟಿದ ಮೇಲಿನ ಕೆಲಸ ಬೇರೆ. ವಿಡಿಯೊ ಸಾಮಾನ್ಯವಾಗಿ ಮುಟ್ಟುವಲ್ಲಿಗೆ ನಿಂತುಬಿಡುತ್ತದೆ.

ತೂಕದ ಲೆಕ್ಕ ನೋಡಿ. ನನ್ನ ನಾಯಿ 25 ಕಿಲೊ ಆಸುಪಾಸು. ಬಲಿತ ಗಂಡು ಕಡವೆ ಎರಡು ಕ್ವಿಂಟಲ್ ದಾಟುತ್ತದೆ. ಹೊಲದಲ್ಲಿ ಎತ್ತಿನ ಹಿಂಗಾಲಿನ ಒಂದೇ ಒದೆತ ತಿಂದು ವಾರವಿಡೀ ಮಲಗಿದ ನಾಯಿಯನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ದೊಡ್ಡ ಮೃಗದ ಬೇಟೆಗೆಂದೇ ಸ್ಕಾಟ್ಲೆಂಡಿನವರು ಬೆಳೆಸಿದ ಡೀರ್‌ಹೌಂಡ್ ಇದರ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ. ಗಂಡು ನಾಯಿ ಹೆಗಲಿಗೆ 76 ಸೆಂಟಿಮೀಟರಿಗೂ ಎತ್ತರ, 45 ಕಿಲೊ. ಅದನ್ನೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಬೇಟೆಗಾರ ಗಾಳಿಗೆದುರಾಗಿ, ಹುಲ್ಲು ಕಲ್ಲುಗಳ ಮರೆಯಲ್ಲಿ ತೆವಳಿಕೊಂಡು ಸಾಧ್ಯವಾದಷ್ಟು ಹತ್ತಿರ ಹೋಗಬೇಕು. ಹಗ್ಗ ಹಿಡಿದ ಆಳು ಹಿಂದೆಯೇ ತೆವಳಬೇಕು. ಆಮೇಲೆ ಜೋಡಿಯನ್ನು ಬಿಡಬೇಕು. ಬೆನ್ನು ಬಿದ್ದ ನಾಯಿಗಳಿಂದ ತಪ್ಪಿಸಿಕೊಳ್ಳಲು ಕೆಂಪು ಜಿಂಕೆ ಹಳ್ಳಕ್ಕಿಳಿದು, ಬೆನ್ನಿಗೆ ಬಂಡೆ ಕೊಟ್ಟು, ಕೋಡು ತಗ್ಗಿಸಿ ನಿಂತುಬಿಡುತ್ತಿತ್ತು. ನಾಯಿಯ ಕೆಲಸ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಅದು ಮೃಗವನ್ನು ನಿಲ್ಲಿಸುತ್ತದೆ, ಮನುಷ್ಯ ಏದುಸಿರು ಬಿಡುತ್ತಾ ಬಂದು ಕೊಲ್ಲುತ್ತಾನೆ. ಆತುರಪಟ್ಟು ಎದುರಿನಿಂದ ಹಾರಿದ ನಾಯಿ ಕೋಡಿಗೆ ಸಿಕ್ಕಿ ಸಾಯುತ್ತಿತ್ತು.

ಅರಸರ ಬೇಟೆಯ ಲೆಕ್ಕ ಇನ್ನೂ ದೊಡ್ಡದು. 1560ರ ದಶಕದಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಗಾಗಿ ಅಥೋಲ್ ಎಂಬಲ್ಲಿ ನಡೆದ ಬೇಟೆಯಲ್ಲಿ ಸುಮಾರು 2000 ಮಂದಿ ದಿನಗಟ್ಟಲೆ ಗುಡ್ಡ ಸೋವಿ ಜಿಂಕೆಗಳನ್ನು ಒಂದೆಡೆಗೆ ತಂದರೆಂದೂ, 360 ಜಿಂಕೆಗಳು ಸತ್ತವೆಂದೂ ಬರೆದಿಟ್ಟಿದ್ದಾರೆ. ಇದರಲ್ಲಿ ನಾಯಿಯ ಪಾಲು ಎಷ್ಟು, ಸೋವಿದವರ ಪಾಲು ಎಷ್ಟು ಎಂದು ನೀವೇ ಹಂಚಿಕೊಳ್ಳಿ.

ಬಂದೂಕು ಸುಧಾರಿಸಿದ ಮೇಲೆ ಡೀರ್‌ಹೌಂಡಿಗೆ ಕೆಲಸ ಕಡಿಮೆಯಾಯಿತು. ಗಾಯಗೊಂಡು ಓಡಿದ ಮೃಗವನ್ನು ಹುಡುಕಲು ಒಂದಿಷ್ಟು ಕಾಲ ಉಳಿಯಿತು, ಆಮೇಲೆ ತಳಿಯೇ ನಶಿಸುವಂತಾಯಿತು. 1820ರ ದಶಕದಿಂದ ಮ್ಯಾಕ್‌ನೀಲ್ ಸೋದರರು ಅದನ್ನು ಎತ್ತಿ ನಿಲ್ಲಿಸದಿದ್ದರೆ ಇಂದು ಚಿತ್ರಗಳಲ್ಲಿ ಮಾತ್ರ ನೋಡಬೇಕಿತ್ತು. ಮುಧೋಳದ ಘೋರ್ಪಡೆ ಅರಸು ಮಾಲೋಜಿರಾವ್ ಇಲ್ಲಿ ಮಾಡಿದ್ದೂ ಇಂಥದೇ ಕೆಲಸ.

ಇನ್ನು ನಿಮ್ಮ ವಿಡಿಯೊದ ನಾಯಿ. ಅದು ಬಹುಶಃ ಇಂಗ್ಲೆಂಡಿನ ಲರ್ಚರ್. ಅದು ತಳಿಯಲ್ಲ, ಬೆರಕೆ. ಓಟಕ್ಕೆ ಗ್ರೇಹೌಂಡ್, ಬುದ್ಧಿಗೆ ಕುರಿ ಕಾಯುವ ಕೋಲಿ, ಹಟಕ್ಕೆ ಟೆರಿಯರ್, ಮೈಕಟ್ಟಿಗೆ ಡೀರ್‌ಹೌಂಡ್, ಹೀಗೆ ಬೇಕಾದ ಹಾಗೆ ಕೂಡಿಸುತ್ತಾರೆ. ಜಾತಿ ನಾಯಿ ಅರಸನದು, ಬೆರಕೆ ನಾಯಿ ಕಳ್ಳಬೇಟೆಯವನದು ಎಂಬುದು ಅಲ್ಲಿಯ ಹಳೆಯ ಮಾತು. ಅಲ್ಲಿ ಕಾಡಿನ ಜಿಂಕೆ ಅರಸನ ಸ್ವತ್ತಾಗಿತ್ತು. ಕಾಡಿನೊಳಗೆ ವಾಸಿಸುವವರ ನಾಯಿಗಳು ಜಿಂಕೆಯ ಬೆನ್ನು ಹತ್ತಬಾರದೆಂದು ಅವುಗಳ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸುವ ಪದ್ಧತಿಯಿತ್ತು. 1217ರ ಕಾಡಿನ ಸನ್ನದು ಈ ಪದ್ಧತಿಯನ್ನು ರದ್ದು ಮಾಡಲಿಲ್ಲ. ಎಷ್ಟು ಉಗುರು, ಹೇಗೆ ಎಂದು ಮಿತಿ ಹಾಕಿತು, ಅಷ್ಟೇ. ಓದುವಾಗ ನನಗೆ ನಮ್ಮ ಹಲಗಲಿ ನೆನಪಾಯಿತು. 1857ರಲ್ಲಿ ಕಂಪನಿ ಸರಕಾರ ಹತಾರಗಳನ್ನು ಒಪ್ಪಿಸಿ ಎಂದಾಗ ಅಲ್ಲಿಯ ಬೇಡರು ತಿರುಗಿಬಿದ್ದರು. ಉಗುರು ಕೇಳುವ ಅರಸು ಒಂದು ಕಡೆ, ಹತಾರ ಕೇಳುವ ಅರಸು ಇನ್ನೊಂದು ಕಡೆ. ಇರಲಿ.

ಈಗ ಆ ದೇಶದಲ್ಲಿಯೂ ಇದು ಅಪರಾಧ. ನಾಯಿ ಬಿಟ್ಟು ಜಿಂಕೆಯನ್ನು ಹಿಡಿಸುವುದನ್ನು 2004ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಷೇಧಿಸಿತು. ಅದು ಜಾರಿಗೆ ಬಂದದ್ದು 2005ರ ಫೆಬ್ರುವರಿಯಲ್ಲಿ. ಸ್ಕಾಟ್ಲೆಂಡ್ ಅದಕ್ಕೂ ಮೊದಲೇ, 2002ರಲ್ಲಿ ಕಾಯ್ದೆ ಮಾಡಿತ್ತು.

ಕಡವೆಯ ಮಾತಿಗೆ ಬರುತ್ತೇನೆ. ಕಡವೆಯನ್ನು ನಾಯಿಗಳಿಂದ ಬೇಟೆಯಾಡಿದವರು ಇದ್ದರು. 1850ರ ಆಸುಪಾಸಿನಲ್ಲಿ ಸಿಂಹಳದ ನುವಾರ ಎಲಿಯ ಬೆಟ್ಟಗಳಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಬೇಕರ್ ಎಂಬ ಆಂಗ್ಲ ಇದನ್ನೇ ವರ್ಷಗಟ್ಟಲೆ ಮಾಡಿದ. ಅವನು ಕಡವೆಯನ್ನು 'ಎಲ್ಕ್' ಎಂದು ಕರೆಯುತ್ತಿದ್ದ. ಕೈಯಲ್ಲಿ ಬಂದೂಕಿಲ್ಲ, ಸೊಂಟದಲ್ಲಿ ಚೂರಿ. ಕಾಡಿನೊಳಗೆ ವಾಸನೆ ಹಿಡಿದು ಕಡವೆಯನ್ನು ಎಬ್ಬಿಸಲು ಮೂಗಿನ ನಾಯಿಗಳು, ಬಯಲಿಗೆ ಬಿದ್ದ ಮೇಲೆ ಬೆನ್ನಟ್ಟಲು ಓಟದ ನಾಯಿಗಳು. ಕಡವೆ ಸ್ಕಾಟ್ಲೆಂಡಿನ ಜಿಂಕೆಯಂತೆಯೇ ಹೊಳೆಗೆ ಇಳಿಯುತ್ತಿತ್ತು. ಅದು ಎದೆಯುದ್ದ ನೀರಿನಲ್ಲಿ ಕಾಲೂರಿ ನಿಲ್ಲುವಲ್ಲಿ ನಾಯಿ ಈಜಬೇಕು. ಈಜುವ ನಾಯಿಗೆ ಹಿಡಿತ ಎಲ್ಲಿಂದ ಬರಬೇಕು? ಮುಂಗಾಲಿನಿಂದ ತುಳಿಸಿಕೊಂಡು, ಕೋಡಿನಿಂದ ತಿವಿಸಿಕೊಂಡು ಅವನ ಎಷ್ಟೋ ನಾಯಿಗಳು ಸತ್ತವು. ಹೆಸರು ಹಿಡಿದು ಅವುಗಳಿಗಾಗಿ ಮರುಗುತ್ತಾನೆ, ಮರುದಿನ ಉಳಿದವನ್ನು ಕರೆದುಕೊಂಡು ಮತ್ತೆ ಹೋಗುತ್ತಾನೆ. ಇಂಥ ಮರುಕದ ಮೇಲೆ ನನಗೆ ಗೌರವವಿಲ್ಲ.

ಕಬಿನಿ ಹಿನ್ನೀರಿನಲ್ಲಿ ಸಫಾರಿಗೆ ಹೋದವರಲ್ಲಿ ಕೆಲವರಾದರೂ ಇದೇ ನೋಟವನ್ನು ಮನುಷ್ಯನಿಲ್ಲದೆ ನೋಡಿರುತ್ತಾರೆ. ಕಡವೆ ನೀರಿನಲ್ಲಿ ನಿಂತಿರುತ್ತದೆ, ದಡದಲ್ಲಿ ಸೀಳುನಾಯಿಗಳು ಕಾಯುತ್ತಿರುತ್ತವೆ. ಒಂದು ಸೀಳುನಾಯಿ ತೂಕದಲ್ಲಿ ನನ್ನ ನಾಯಿಗಿಂತ ಕಡಿಮೆ. ಆದರೆ ಅವು ಗುಂಪು, ಸುಸ್ತಾದದ್ದು ಹಿಂದೆ ಸರಿದರೆ ಇನ್ನೊಂದು ಮುಂದೆ ಬರುತ್ತದೆ. ಅವಕ್ಕೆ ತಾಳ್ಮೆಯೂ ಇದೆ, ಹಸಿವೂ ಇದೆ. ನನ್ನದಕ್ಕೆ ಸಂಜೆ ಏಳಕ್ಕೆ ರೊಟ್ಟಿ, ಮೊಟ್ಟೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನೆಲ. ಮುಧೋಳ ನಾಯಿ ಬಯಲುಸೀಮೆಯ ಎರೆಹೊಲದಲ್ಲಿ ಬೆಳೆದದ್ದು. ಅಲ್ಲಿ ಮೈಲಿ ದೂರ ನೋಡಿದರೂ ಕಣ್ಣಿಗೆ ಅಡ್ಡ ಬರುವುದು ಒಂದು ಬನ್ನಿ ಗಿಡ, ಒಂದು ಬದು. ಕಡವೆ ದಟ್ಟ ಕಾಡಿನದು. ಲಂಟಾನದ ಪೊದೆಯೊಳಗೆ ನಾಲ್ಕು ಹೆಜ್ಜೆ ಹೋದ ಮೃಗ ಕಣ್ಣಿನ ನಾಯಿಯ ಪಾಲಿಗೆ ಮಾಯ. ನಾಯಿ ತಲೆಯೆತ್ತಿ ಅತ್ತಿತ್ತ ನೋಡಿ ಒಡೆಯನ ಮುಖ ನೋಡುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೆ 1860ರ ದಶಕದಲ್ಲಿ ಒಯ್ದು ಬಿಟ್ಟ ಕಡವೆಗಳ ಸಂತತಿಯನ್ನು ಅಲ್ಲಿ ಇಂದಿಗೂ ಪರವಾನಗಿ ಪಡೆದು ನಾಯಿಗಳೊಂದಿಗೆ ಬೇಟೆಯಾಡುತ್ತಾರೆ. ಆ ನಾಯಿಗಳೂ ಬೀಗಲ್, ಬ್ಲಡ್‌ಹೌಂಡ್‌ನಂಥ ಮೂಗಿನವು, ಕೊಲ್ಲುವುದು ಬಂದೂಕು.

"ಹಾಗಾದರೆ ಆತಕೂರಿನ ಕಾಳಿ?" ಎಂದು ಒಬ್ಬ ಶಿಕ್ಷಕರು ನನ್ನನ್ನು ಸಿಕ್ಕಿಸಿದ್ದರು. ಒಳ್ಳೆಯ ಪ್ರಶ್ನೆ. ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ, ಏನು ಬೇಕು ಕೇಳು ಎಂದ ಗಂಗ ದೊರೆ ಬೂತುಗನಿಂದ ಮಣಲೆರ ಎಂಬ ವೀರ ಬೇಡಿ ಪಡೆದ ನಾಯಿ ಅದು. ಊರು ಕೇಳಬಹುದಿತ್ತು, ನಾಯಿ ಕೇಳಿದ. ಆ ಕಾಳಿಯನ್ನು ಬೇಟೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಕಾಳಿಯ ನೆನಪಿಗೆ ನಿಲ್ಲಿಸಿದ, ಸುಮಾರು 950ರ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿಯೂ ಹಂದಿಯೂ ಎದುರುಬದುರಾಗಿ ಹೆಣಗುತ್ತಿರುವ ಕೆತ್ತನೆ. ನಾನು ಶಿಕ್ಷಕರಿಗೆ ಹೇಳಿದ್ದು ಇಷ್ಟೇ: ಸರ್, ಅದು ಹಿಡಿದದ್ದಕ್ಕೆ ನಿಲ್ಲಿಸಿದ ಕಲ್ಲಲ್ಲ, ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು.

ನಮ್ಮಲ್ಲಿ ಕಾನೂನು ಏನೆನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದೂ ಬೇಟೆ, ಅದಕ್ಕೆ ಯತ್ನಿಸುವುದೂ ಬೇಟೆ. ಮುಧೋಳ, ಬೀಳಗಿ ತಾಲ್ಲೂಕುಗಳಲ್ಲೇ ಯಡಹಳ್ಳಿಯ ಚಿಂಕಾರ ಅಭಯಾರಣ್ಯ ಇದೆ. ಅದು ಬಯಲು, ಕುರುಚಲು, ನಮ್ಮ ನಾಯಿಯ ಕಣ್ಣಿಗೆ ಹೇಳಿ ಮಾಡಿಸಿದ ಜಾಗ. ಚಿಂಕಾರವೂ ಹಗುರ ಮೃಗ, ನಾಯಿಗಿಂತ ಹೆಚ್ಚು ತೂಗುವುದಿಲ್ಲ. ಕಡವೆಯ ವಿಷಯದಲ್ಲಿ ನನ್ನ ನಾಯಿಗಾಗಿ ಹೆದರುವ ನಾನು ಅಲ್ಲಿ ಚಿಂಕಾರಕ್ಕಾಗಿ ಹೆದರುತ್ತೇನೆ. ಆದ್ದರಿಂದ ಆ ದಿಕ್ಕಿಗೆ ಹೋದಾಗ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿರುತ್ತೇನೆ.

ಹಗ್ಗ ಕೈತಪ್ಪಿದ್ದು ಒಮ್ಮೆ, ನಮ್ಮದೇ ಹೊಲದಲ್ಲಿ. ಬಿಳಿಜೋಳ ಕಿತ್ತು ಕಣಕ್ಕೆ ಹೋಗಿತ್ತು, ನೆಲ ಬಿಸಿಲಿಗೆ ಬಿರಿದು ಬಾಯಿ ತೆರೆದಿತ್ತು. ಕಾಲಬುಡದಿಂದ ಒಂದು ಮೊಲ ಎದ್ದಿತು. ನಾನು ಹೆಸರು ಕೂಗುವಷ್ಟರಲ್ಲಿ ನಾಯಿ ಎರಡು ಬದು ದಾಟಿತ್ತು. ಮೊಲ ನೇರ ಓಡಿ, ತಟ್ಟನೆ ಬಲಕ್ಕೆ ಹೊರಳಿತು. ನಾಯಿ ತನ್ನ ವೇಗವನ್ನು ತಾನೇ ತಡೆಯಲಾರದೆ ಹತ್ತು ಮಾರು ಮುಂದೆ ಹೋಗಿ, ಧೂಳೆಬ್ಬಿಸಿ ತಿರುಗಿತು. ಮತ್ತೆ ಮುಟ್ಟುವಷ್ಟು ಹತ್ತಿರ, ಮತ್ತೆ ಹೊರಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಮೊಲ ಪಕ್ಕದ ಕಬ್ಬಿನೊಳಗೆ ನುಸುಳಿತು.

ನಾಯಿ ಕುಂಟುತ್ತಾ ಬಂದಿತು. ನಾಲಗೆ ಒಂದು ಗೇಣು ಹೊರಗೆ, ಪಕ್ಕೆ ತಿದಿಯ ಹಾಗೆ ಏರಿಳಿಯುತ್ತಿತ್ತು, ಮೈ ಮುಟ್ಟಿದರೆ ಕಾದ ಹಂಚು. ಮುಂಗಾಲಿನ ಒಂದು ಉಗುರು ನೆಲದ ಬಿರುಕಿಗೆ ಸಿಕ್ಕಿ ಬುಡಸಮೇತ ಕಿತ್ತು ತೊಗಲಿನಲ್ಲಿ ನೇತಾಡುತ್ತಿತ್ತು. ಕೊಡದ ನೀರನ್ನು ಹೊಟ್ಟೆಗೂ ತೊಡೆಗೂ ಸುರಿದು, ಟವೆಲಿನಲ್ಲಿ ಕಾಲು ಸುತ್ತಿ, ಬೈಕಿನಲ್ಲಿ ನನ್ನ ಮುಂದೆ ಅಡ್ಡ ಮಲಗಿಸಿಕೊಂಡು ಪಶುವೈದ್ಯರಲ್ಲಿಗೆ ಒಯ್ದೆ. ಮೂರು ವಾರ ಪಟ್ಟಿ.

ಆ ಪಟ್ಟಿಯನ್ನು ನೋಡಿ ಪಕ್ಕದ ಮನೆಯ ಹುಡುಗ ಗೇಟಿನ ಬಳಿ ನಿಂತ. "ಕಾಕಾ, ಕಡವೆಯನ್ನು ಹಿಡಿಯಲು ಹೋಗಿತ್ತೇ?"

"ಇಲ್ಲಪ್ಪ, ಮೊಲ."

"ಹಿಡಿಯಿತೇ?"

"ಇಲ್ಲ."

ಅವನು ನಾಯಿಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ, ಹಾಗಾದರೆ ಇದಕ್ಕೆ ಬೆಲೆ ಎಷ್ಟು ಎಂದು ಕೇಳಿದ.