ಮೀನಿನ ಕಣ್ಣು ಊದಿದಾಗ ಔಷಧಿಗೆ ಮೊದಲು ನೋಡಬೇಕಾದದ್ದು

ಅಕ್ವೇರಿಯಂ ನೋಡಿಕೊಳ್ಳುವ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: "ಮೀನಿನ ಕಣ್ಣು ಊದಿ ಹೊರಗೆ ಬಂದಿದೆ, ಯಾವ ಔಷಧಿ ಹಾಕಲಿ?" ಔಷಧಿಯ ಹೆಸರು ಹೇಳುವ ಮೊದಲು ತಿರುಗಿ ಕೇಳಬೇಕಾದದ್ದು ಒಂದಿದೆ. ಊದಿರುವುದು ಒಂದು ಕಣ್ಣೋ, ಎರಡೂ ಕಣ್ಣೋ? ಚಿಕಿತ್ಸೆ ಯಾವ ದಾರಿ ಹಿಡಿಯಬೇಕು ಅನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಹೀಗೆ ಕಣ್ಣು ಊದಿ ಹೊರಬರುವುದಕ್ಕೆ ಪಾಪ್‌ಐ ಅನ್ನುತ್ತಾರೆ. ಅದು ಜ್ವರ ಇದ್ದ ಹಾಗೆ, ರೋಗದ ಹೆಸರಲ್ಲ, ಲಕ್ಷಣದ ಹೆಸರು. ಕಣ್ಣುಗುಡ್ಡೆಯ ಹಿಂದೆ ಅಥವಾ ಒಳಗೆ ದ್ರವ, ರಕ್ತ, ಕೀವು ಇಲ್ಲವೇ ಗಾಳಿ ಸೇರಿಕೊಂಡು ಕಣ್ಣು ಉಬ್ಬುತ್ತದೆ. ಅದು ಯಾಕೆ ಸೇರಿಕೊಂಡಿತು ಎಂದು ಹುಡುಕದೆ ಔಷಧಿ ಸುರಿದರೆ ಫಿಲ್ಟರ್ ಕೆಡುತ್ತದೆ, ಮೀನು ಇನ್ನಷ್ಟು ಸೊರಗುತ್ತದೆ.

ಒಂದೇ ಕಣ್ಣು ಊದಿ, ಮೀನು ಮಾಮೂಲಿನಂತೆ ತಿನ್ನುತ್ತಾ ಓಡಾಡುತ್ತಿದ್ದರೆ ಮೊದಲ ಅನುಮಾನ ಪೆಟ್ಟಿನ ಮೇಲೆ. ಕಲ್ಲಿಗೆ ಡಿಕ್ಕಿ ಹೊಡೆದಿರಬಹುದು, ಜೊತೆಯ ಮೀನು ಕಚ್ಚಿರಬಹುದು, ಹಿಡಿಯುವಾಗ ಬಲೆ ತರಚಿರಬಹುದು. ಎರಡೂ ಕಣ್ಣು ಒಟ್ಟಿಗೆ ಊದಿದ್ದರೆ ತೊಂದರೆ ದೇಹದ ಒಳಗಿದೆ ಅಥವಾ ನೀರಿನಲ್ಲಿದೆ ಎಂದೇ ಹಿಡಿಯಬೇಕು. ಬ್ಯಾಕ್ಟೀರಿಯಾ ಸೋಂಕು, ಕಿಡ್ನಿ ತೊಂದರೆ, ಕೆಟ್ಟ ನೀರು, ನೀರಿನಲ್ಲಿ ಮಿತಿಮೀರಿ ಕರಗಿದ ಗಾಳಿ, ಇವೆಲ್ಲ ಆ ಸಾಲಿನವು. ಒಂದು ತೊಟ್ಟಿಯಲ್ಲಿ ಮೂರ್ನಾಲ್ಕು ಮೀನಿಗೆ ಏಕಕಾಲಕ್ಕೆ ಹೀಗಾದರೆ ಮೀನನ್ನು ಆಮೇಲೆ ನೋಡಿ, ಮೊದಲು ನೀರನ್ನು ನೋಡಿ. ಈ ಲೆಕ್ಕ ನೂರಕ್ಕೆ ನೂರು ನಿಲ್ಲುವುದಿಲ್ಲ, ಸೋಂಕು ಒಂದೇ ಕಣ್ಣಿನಲ್ಲೂ ಶುರುವಾಗಬಹುದು. ಆದರೂ ಮೊದಲ ದಿನದ ನಿರ್ಧಾರಕ್ಕೆ ಇದಕ್ಕಿಂತ ಒಳ್ಳೆಯ ದಿಕ್ಕು ಸಿಗುವುದಿಲ್ಲ.

ಪಕ್ಕದಿಂದ ನೋಡಿದರೆ ಊತ ಎಷ್ಟಿದೆ ಎಂದು ತಿಳಿಯುವುದಿಲ್ಲ. ಮುಚ್ಚಳ ತೆಗೆದು, ಏರ್ ಪಂಪ್ ಒಂದು ನಿಮಿಷ ನಿಲ್ಲಿಸಿ, ನೀರು ಅಲುಗಾಡದೆ ನಿಂತ ಮೇಲೆ ನೇರ ಮೇಲಿನಿಂದ ನೋಡಿ. ಊದಿದ ಕಡೆ ತಲೆಯ ಅಂಚಿಗೆ ಮಣಿಯೊಂದನ್ನು ಅಂಟಿಸಿದ ಹಾಗೆ ಕಾಣುತ್ತದೆ. ಆಮೇಲೆ ಚಿಕ್ಕ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಣ್ಣಿನ ಮೇಲ್ಮೈ ಮಾತ್ರ ಹಾಲಿನಂತೆ ಮಬ್ಬಾಗಿದ್ದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ತರಚಿದೆ ಅಥವಾ ನೀರು ಕೆಟ್ಟಿದೆ. ಕಣ್ಣಿನ ಸುತ್ತ ಕೆಂಪು ಉಂಗುರವಿದ್ದರೆ ರಕ್ತ ಇಳಿದಿದೆ. ಗುಂಡುಸೂಜಿಯ ತಲೆಯಷ್ಟು ಹೊಳೆಯುವ ಗುಳ್ಳೆ ಕಂಡರೆ ಅದು ಗಾಳಿ, ಅದರ ದಾರಿಯೇ ಬೇರೆ. ಅದೇ ಬೆಳಕಿನಲ್ಲಿ ಹುರುಪೆಗಳನ್ನೂ ನೋಡಿಬಿಡಿ. ಹೊಟ್ಟೆ ಉಬ್ಬಿ ಹುರುಪೆಗಳು ನಿಮಿರಿ ನಿಂತಿದ್ದರೆ ಅದು ಡ್ರಾಪ್ಸಿ. ಕಿಡ್ನಿ ಸೋತಿದೆ ಎಂದರ್ಥ, ಉಳಿಯುವ ಸಾಧ್ಯತೆ ಕಡಿಮೆ. ಟೆಲಿಸ್ಕೋಪ್ ಗೋಲ್ಡ್‌ಫಿಶ್, ಬಬಲ್‌ಐ ತರಹದ ತಳಿಗಳಿಗೆ ತಳಿಯ ಗುಣವಾಗಿಯೇ ಅಂಥ ಕಣ್ಣು. ಅವುಗಳಲ್ಲಿ ಎರಡು ಕಣ್ಣುಗಳ ನಡುವಿನ ವ್ಯತ್ಯಾಸವನ್ನಷ್ಟೇ ಗಮನಿಸಬೇಕು. ಮೇಲಿನಿಂದ ಒಂದು ಫೋಟೊ ತೆಗೆದಿಟ್ಟುಕೊಂಡು ದಿನಾ ಅದೇ ಕೋನದಲ್ಲಿ ಇನ್ನೊಂದು ತೆಗೆಯಿರಿ. ಊತ ಇಳಿಯುವುದು ಎಷ್ಟು ನಿಧಾನವೆಂದರೆ ದಿನಾ ನೋಡುವ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಇನ್ನು ನೀರು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ 0, ಅದರಿಂದಾಗುವ ನೈಟ್ರೈಟ್ 0 ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕೊನೆಗೆ ಉಳಿಯುವ ನೈಟ್ರೇಟ್ 20 ಪಿಪಿಎಂ (ಲೀಟರ್‌ಗೆ 20 ಮಿಲಿಗ್ರಾಂ) ಒಳಗಿದ್ದರೆ ಚೆನ್ನ, 40 ದಾಟಿದರೆ ನೀರು ಬದಲಿಸುವುದು ತಡವಾಗಿದೆ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ ಕೂಡ ಬರೆದಿಟ್ಟುಕೊಳ್ಳಿ, ಯಾಕೆಂದರೆ ಅಮೋನಿಯಾದ ವಿಷ ಅದರ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಶೇಕಡಾ 1ಕ್ಕೂ ಕಡಿಮೆ, ಪಿಎಚ್ 8 ಆದರೆ ಶೇಕಡಾ 5ರ ಸುಮಾರು. ಬಹಳ ದಿನ ನೀರು ಬದಲಿಸದ ತೊಟ್ಟಿಯಲ್ಲಿ ಪಿಎಚ್ ಇಳಿದಿರುತ್ತದೆ. ಅಂಥ ಕಡೆ ಗಾಬರಿಯಿಂದ ಒಮ್ಮೆಲೇ ಮುಕ್ಕಾಲು ಪಾಲು ನೀರು ಬದಲಿಸಿದರೆ ಪಿಎಚ್ ಥಟ್ಟನೆ ಏರಿ, ಸುಮ್ಮನಿದ್ದ ಅಮೋನಿಯಾವೇ ವಿಷವಾಗುತ್ತದೆ. ದಿನಕ್ಕೆ 25ರಿಂದ 30 ಶೇಕಡಾ, ನಾಲ್ಕೈದು ದಿನ ಸತತವಾಗಿ, ಇದೇ ಸುರಕ್ಷಿತ. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಅದರ ಬಿಸಿಗೂ ತೊಟ್ಟಿಯ ನೀರಿನ ಬಿಸಿಗೂ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಒಂದು ಕಣ್ಣು, ಸಣ್ಣ ಊತ, ಮೀನು ತಿನ್ನುತ್ತಿದೆ, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ ಅನ್ನುವ ಸ್ಥಿತಿಯಲ್ಲಿ ಮೀನನ್ನು ಅದೇ ತೊಟ್ಟಿಯಲ್ಲಿ ಬಿಟ್ಟು ನೀರು ಶುದ್ಧವಾಗಿಡುವುದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಿಡಿದು ಎತ್ತಿ ಬೇರೆಡೆ ಹಾಕುವ ಹಿಂಸೆ ಆ ಪೆಟ್ಟಿಗಿಂತ ದೊಡ್ಡದಾಗಬಹುದು. ಚೂಪಾದ ಕಲ್ಲು, ಗಟ್ಟಿ ಪ್ಲಾಸ್ಟಿಕ್ ಗಿಡ ಇದ್ದರೆ ಅವನ್ನು ಮಾತ್ರ ತೆಗೆಯಿರಿ.

ಉಳಿದ ಸಂದರ್ಭಗಳಿಗೆ ಪ್ರತ್ಯೇಕ ತೊಟ್ಟಿ ಬೇಕು. 20ರಿಂದ 40 ಲೀಟರ್ ಸಾಕು, ಜಲ್ಲಿ ಬೇಡ. ಹಳೆಯ ತೊಟ್ಟಿಯಲ್ಲಿ ಓಡಿ ಒಳ್ಳೆಯ ಬ್ಯಾಕ್ಟೀರಿಯಾ ಕೂತ ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಿಕೊಳ್ಳಲು ಅಂಚು ಉಜ್ಜಿ ನಯ ಮಾಡಿದ ಪಿವಿಸಿ ಪೈಪಿನ ತುಂಡು, ಮಂದ ಬೆಳಕು. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆದುಬಿಡಿ, ಔಷಧಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಸ್ಪಾಂಜ್ ಹೊಸದಾಗಿದ್ದರೆ ಅಮೋನಿಯಾವನ್ನು ದಿನಾ ಅಳೆಯಬೇಕು, ಅರ್ಧ ನೀರನ್ನು ದಿನಾ ಬದಲಿಸಬೇಕು. ಮೀನನ್ನು ಬಲೆಯಲ್ಲಿ ಹಿಡಿಯಬೇಡಿ. ಉಬ್ಬಿದ ಕಣ್ಣಿಗೆ ಬಲೆಯ ದಾರ ಮೊದಲು ತಗಲುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಮುಳುಗಿಸಿ ಹಿಡಿದು, ಇನ್ನೊಂದು ಕೈಯಿಂದ ಮೀನನ್ನು ಮೆಲ್ಲಗೆ ಅದರೊಳಕ್ಕೆ ಓಡಿಸಿ, ನೀರಿನ ಸಮೇತ ಎತ್ತಿ.

ಊತಕ್ಕೆ ನಾವು ಮೊದಲು ಬಳಸುವುದು ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್. ಸಿಹಿನೀರಿನ ಮೀನಿನ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪುಪ್ಪಾಗಿರುತ್ತದೆ. ಹಾಗಾಗಿ ಕಿವಿರುಗಳ ಮೂಲಕ ನೀರು ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ, ಕಿಡ್ನಿ ಅದನ್ನು ಹೊರಹಾಕುತ್ತಲೇ ಇರುತ್ತದೆ. ಕಿಡ್ನಿ ಸೋತರೆ ಆ ನೀರು ಮೈಯಲ್ಲಿ ನಿಲ್ಲುತ್ತದೆ. ಹೀಗೆ ನಿಂತ ನೀರನ್ನು ಇಳಿಸಲು ಎಪ್ಸಮ್ ಸಾಲ್ಟ್ ನೆರವಾಗುತ್ತದೆ. ಅದು ಸೋಂಕನ್ನು ಕೊಲ್ಲುವುದಿಲ್ಲ. ಅಡುಗೆ ಉಪ್ಪು, ಅಕ್ವೇರಿಯಂ ಸಾಲ್ಟ್ ಬೇರೆ ವಸ್ತು, ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಸುಗಂಧ, ಬಣ್ಣ ಬೆರೆಸಿದ ಸ್ನಾನದ ಎಪ್ಸಮ್ ಸಾಲ್ಟಂತೂ ಬೇಡವೇ ಬೇಡ.

ಪ್ರಮಾಣ: 20 ಲೀಟರ್‌ಗೆ ಒಟ್ಟು 15 ಗ್ರಾಂ, ಅಂದರೆ ಅಂಚು ಸವರಿದ ಒಂದು ಟೇಬಲ್ ಚಮಚ. ಒಂದೇ ಸಲ ಹಾಕದೆ ಮೊದಲ ದಿನ ಅರ್ಧ, 24 ಗಂಟೆ ಬಿಟ್ಟು ಇನ್ನರ್ಧ. ಹುರುಪೆ ಇಲ್ಲದ ಮೀನುಗಳಿಗೆ ಅರ್ಧದಲ್ಲೇ ನಿಲ್ಲಿಸಿ. ಹರಳನ್ನು ತೊಟ್ಟಿಗೆ ಎಸೆಯದೆ ತೊಟ್ಟಿಯದೇ ನೀರಿನಲ್ಲಿ ಪೂರ್ತಿ ಕರಗಿಸಿ, ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಫಿಲ್ಟರ್‌ನ ಹರಿವಿನ ಹತ್ತಿರ ಸುರಿಯಿರಿ. ಪೂರ್ತಿ ಪ್ರಮಾಣಕ್ಕೆ ನೀರಿನ ಜಿಎಚ್, ಅಂದರೆ ಗಡಸುತನದ ಅಳತೆ, ಸುಮಾರು 17 ಡಿಗ್ರಿ ಏರುತ್ತದೆ. ಟೆಸ್ಟ್ ಕಿಟ್ ನೋಡಿ ಬೆಚ್ಚಬೇಡಿ, ಹಂತ ಹಂತವಾಗಿ ಹಾಕಿ ಎನ್ನುವುದು ಇದಕ್ಕೇ.

ಹೆಚ್ಚು ಜನ ಎಡವುವುದು ಲೀಟರ್ ಲೆಕ್ಕದಲ್ಲಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ ನಿಜ, ಆದರೆ ಎತ್ತರ ಅಂದರೆ ಗಾಜಿನ ಎತ್ತರವಲ್ಲ, ನೀರಿನ ಎತ್ತರ. 60 × 30 × 36 ತೊಟ್ಟಿ ಲೆಕ್ಕದಲ್ಲಿ 65 ಲೀಟರ್ ತೋರಿಸಿದರೂ ನೀರು 31 ಸೆಂ.ಮೀ. ಇದ್ದರೆ 56 ಲೀಟರ್ ಅಷ್ಟೇ, ಜಲ್ಲಿ ಮತ್ತು ಕಲ್ಲು ಕಳೆದರೆ 50ರ ಹತ್ತಿರ. 65ರ ಲೆಕ್ಕದಲ್ಲಿ ಔಷಧಿ ಹಾಕಿದವರು ಶೇಕಡಾ 30 ಹೆಚ್ಚು ಹಾಕಿರುತ್ತಾರೆ. ಇನ್ನೊಂದು ತಪ್ಪು ಮರುಪೂರಣದ್ದು. 20 ಲೀಟರ್‌ನಲ್ಲಿ 5 ಲೀಟರ್ ನೀರು ಬದಲಿಸಿದರೆ ಆ 5 ಲೀಟರ್‌ಗೆ ಬೇಕಾದ ಸುಮಾರು 4 ಗ್ರಾಂ ಮಾತ್ರ ಸೇರಿಸಬೇಕು. ಆವಿಯಾಗಿ ಕಡಿಮೆಯಾದ ನೀರಿಗೆ ಏನೂ ಸೇರಿಸಬಾರದು, ಉಪ್ಪು ಆವಿಯಾಗುವುದಿಲ್ಲ.

ಮೀನು ಊಟ ಬಿಟ್ಟಿದ್ದರೆ, ಎರಡನೇ ಕಣ್ಣೂ ಊದಲು ಶುರುವಾದರೆ, ಮೈಮೇಲೆ ಕೆಂಪು ಮಚ್ಚೆ ಅಥವಾ ಹುಣ್ಣು ಕಂಡರೆ ಎರಡು ಮೂರು ದಿನಕ್ಕಿಂತ ಹೆಚ್ಚು ಕಾಯಬೇಡಿ, ಆಂಟಿಬಯೋಟಿಕ್ ಬೇಕಾಗಬಹುದು. ಆಯ್ಕೆಯನ್ನು ಮೀನು ನೋಡುವ ಪಶುವೈದ್ಯರಿಗೆ ಬಿಡಿ. ಗ್ರಾಂ ಎಂಬ ಬಣ್ಣದ ಪರೀಕ್ಷೆಯ ಪ್ರಕಾರ ಬ್ಯಾಕ್ಟೀರಿಯಾಗಳಲ್ಲಿ ಎರಡು ಗುಂಪು. ಏರೋಮೊನಾಸ್, ಸ್ಯೂಡೋಮೊನಾಸ್, ವಿಬ್ರಿಯೊ ಇವು ಗ್ರಾಂ ನೆಗೆಟಿವ್. ಕಣ್ಣು ಊದಿಸುವುದರಲ್ಲಿ ಹೆಸರಾದ ಸ್ಟ್ರೆಪ್ಟೊಕಾಕಸ್ ಗ್ರಾಂ ಪಾಸಿಟಿವ್. ಎರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಮುಖ್ಯವಾಗಿ ಎರಡನೆಯ ಗುಂಪಿನ ಮೇಲೆ ಕೆಲಸ ಮಾಡುತ್ತದೆ, ಮೊದಲನೆಯದಕ್ಕೆ ಅದನ್ನು ಹಾಕಿದರೆ ದಿನಗಳು ಹಾಳು. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕುವುದು ಇನ್ನೂ ಕೆಟ್ಟದ್ದು. ಅರೆಬರೆ ಡೋಸ್‌ಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಗಟ್ಟಿಯಾಗುತ್ತದೆ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್‌ಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಅಂಟಿಕೊಳ್ಳುತ್ತವೆ. ಎಪ್ಸಮ್ ಸಾಲ್ಟ್ ಹಾಕಿದ ನೀರಿಗೆ ಅವನ್ನು ಬೆರೆಸಿದರೆ ಮೀನಿನ ಮೈಗೆ ಸೇರುವುದು ಅತ್ಯಲ್ಪ. ಗಡಸು ನೀರಿನಲ್ಲೂ ಇದೇ ಕಥೆ. ಮೀನು ತಿನ್ನುತ್ತಿದ್ದರೆ ಔಷಧಿಯನ್ನು ಆಹಾರದಲ್ಲಿ ಕೊಡುವ ಬಗ್ಗೆ ವೈದ್ಯರನ್ನು ಕೇಳಿ. ಒಳಗಿನ ಸೋಂಕಿಗೆ ಅದು ನೀರಿಗೆ ಹಾಕುವುದಕ್ಕಿಂತ ಚೆನ್ನಾಗಿ ತಲುಪುತ್ತದೆ. ಕೋರ್ಸ್ ನಡೆಯುವಾಗ ಅಮೋನಿಯಾವನ್ನು ದಿನಾ ಅಳೆಯಿರಿ, ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಏಟು ಬೀಳುತ್ತದೆ. ಬೇಗ ಗುಣವಾಗಲಿ ಎಂದು ನೀರಿನ ಬಿಸಿ ಏರಿಸುವ ಅಭ್ಯಾಸವೂ ಇಲ್ಲಿ ತಿರುಗುಬಾಣ. ಬಿಸಿ ಹೆಚ್ಚಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಈ ಬ್ಯಾಕ್ಟೀರಿಯಾಗಳ ಬೆಳವಣಿಗೆ ಜಾಸ್ತಿ.

ಕಣ್ಣಲ್ಲಿ ಗಾಳಿಗುಳ್ಳೆ ಕಂಡರೆ ಉಪ್ಪು, ಆಂಟಿಬಯೋಟಿಕ್ ಎರಡರಿಂದಲೂ ಕಾರಣ ಹೋಗುವುದಿಲ್ಲ. ಒತ್ತಡದಲ್ಲಿ ಬರುವ ತಣ್ಣನೆಯ ನೀರನ್ನು ನೇರ ತೊಟ್ಟಿಗೆ ಬಿಟ್ಟು ಅಲ್ಲೇ ಬಿಸಿಯಾಗಲು ಬಿಟ್ಟರೆ, ಅಥವಾ ಪಂಪಿನ ಹೀರು ಕೊಳವೆಯ ಜೋಡಣೆ ಸಡಿಲವಾಗಿ ಗಾಳಿ ಎಳೆದುಕೊಂಡರೆ, ನೀರಿನಲ್ಲಿ ಗಾಳಿ ಮಿತಿಮೀರಿ ಕರಗುತ್ತದೆ. ನೀರು ಬದಲಿಸಿದ ಮೇಲೆ ಗಾಜಿಗೂ ಮೀನಿನ ರೆಕ್ಕೆಗೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಚ್ಚಿಕೊಂಡಿರುವುದೇ ಅದರ ಗುರುತು. ತೊಟ್ಟಿಯ ಮೇಲ್ಮೈ ಚೆನ್ನಾಗಿ ಕದಡುವಂತೆ ಏರ್ ಸ್ಟೋನ್ ಓಡಿಸಿ, ಪಂಪಿನ ಜೋಡಣೆ ಬಿಗಿ ಮಾಡಿ. ಮುಂದಕ್ಕೆ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಗಾಳಿಯಾಡಿಸಿ ಬಳಸಿ.

ಮೀನು ಸೊರಗುತ್ತಾ ಬೆನ್ನು ಬಾಗಿ, ವಾಸಿಯಾಗದ ಹುಣ್ಣುಗಳ ಜೊತೆ ಕಣ್ಣೂ ಊದಿದ್ದರೆ ಮೈಕೋಬ್ಯಾಕ್ಟೀರಿಯಾದ, ಅಂದರೆ ಮೀನಿಗೆ ಕ್ಷಯದಂಥ ಕಾಯಿಲೆ ತರುವ ಬ್ಯಾಕ್ಟೀರಿಯಾದ ಅನುಮಾನ ಇಡಬೇಕು. ಅದರಲ್ಲಿ ಒಂದು ಜಾತಿಯಾದ ಮೈಕೋಬ್ಯಾಕ್ಟೀರಿಯಂ ಮರೈನಮ್ ಕೈಯ ಗಾಯದ ಮೂಲಕ ಮನುಷ್ಯರಿಗೂ ಅಂಟುತ್ತದೆ. ಆ ತೊಟ್ಟಿಗೆ ಕೈಗವಸು ಇಲ್ಲದೆ ಕೈ ಹಾಕಬೇಡಿ, ಅದರ ಬಲೆ, ಪೈಪುಗಳನ್ನು ಬೇರೆ ತೊಟ್ಟಿಗೆ ಬಳಸಬೇಡಿ.

ಊದಿದ ಕಣ್ಣಿಗೆ ಸೂಜಿ ಚುಚ್ಚಿ ನೀರು ತೆಗೆಯುವ ಯೋಚನೆಯನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ವೈದ್ಯರು ಮಂಪರು ಕೊಟ್ಟು ಮಾಡುವ ಕೆಲಸ. ಕಾರಣ ಸರಿಹೋದ ಮೇಲೂ ಊತ ಪೂರ್ತಿ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಮೀನು ತಿನ್ನುತ್ತಿದ್ದು ಫೋಟೊದಲ್ಲಿ ಊತ ಹೆಚ್ಚಾಗದಿದ್ದರೆ ಹೊಸ ಔಷಧಿ ಹುಡುಕದೆ ಕಾಯಿರಿ. ಇಳಿದ ಮೇಲೆ ಎಪ್ಸಮ್ ಸಾಲ್ಟನ್ನು ಸೇರಿಸದೆ ದಿನಕ್ಕೆ ಕಾಲು ಭಾಗ ನೀರು ಬದಲಿಸುತ್ತಾ ಹೋದರೆ ವಾರದಲ್ಲಿ ಅದು ಬಹುಪಾಲು ಹೊರಟುಹೋಗುತ್ತದೆ.

ಕೆಲವು ಮೀನುಗಳ ಕಣ್ಣು ಉಳಿಯುವುದಿಲ್ಲ, ಕುಗ್ಗುತ್ತದೆ ಇಲ್ಲವೇ ಉದುರುತ್ತದೆ. ಗಾಯದ ಮೇಲೆ ಹತ್ತಿಯಂಥ ಬೂಸ್ಟು ಕಟ್ಟದಂತೆ ನೀರನ್ನು ಚೊಕ್ಕಟವಾಗಿಟ್ಟರೆ ಗುಳಿ ಮುಚ್ಚಿಕೊಂಡು ಮೀನು ವರ್ಷಗಟ್ಟಲೆ ಬದುಕುತ್ತದೆ. ಅಂಥ ಮೀನಿಗೆ ಕಾಣುವ ಕಣ್ಣಿನ ಕಡೆಯಿಂದ, ದಿನಾ ಒಂದೇ ಮೂಲೆಯಲ್ಲಿ ಆಹಾರ ಹಾಕಿ. ಕಲ್ಲು, ಗಿಡಗಳ ಜಾಗವನ್ನು ಪದೇ ಪದೇ ಬದಲಿಸಬೇಡಿ. ದಾರಿ ನೆನಪಿದ್ದರೆ ಕಾಣದ ಕಡೆ ಮತ್ತೆ ಡಿಕ್ಕಿ ಹೊಡೆಯುವುದು ಕಡಿಮೆಯಾಗುತ್ತದೆ.